ಪಾಲಕರ ಜೊತೆ ಮಾತಾಡುವುದನ್ನು ಟೀಚರ್‌ಗಳಿಗೆ ಯಾರು ಕಲಿಸುತ್ತಾರೆ?

[ತೆರೆಯಲ್ಲಿ: ಖಾಲಿ ತರಗತಿ. ಒಂದು ಮೇಜು, ಎದುರುಬದುರು ಎರಡು ಕುರ್ಚಿ.]

ನಮಸ್ಕಾರ. ಟೀಚರ್ ಆಗಲು ಓದುವವರು ಏನೇನು ಕಲಿಯುತ್ತಾರೆ? ಪಾಠ ಯೋಜನೆ ಬರೆಯುವುದು, ಪ್ರಶ್ನೆಪತ್ರಿಕೆ ತಯಾರಿಸುವುದು, ಗದ್ದಲದ ತರಗತಿಯನ್ನು ಸುಮ್ಮನಾಗಿಸುವುದು. ಅಭ್ಯಾಸ ಪಾಠದ ದಿನ ಹಿಂದಿನ ಬೆಂಚಿನಲ್ಲಿ ಕೂತು ಯಾರೋ ಅಂಕವನ್ನೂ ಹಾಕುತ್ತಾರೆ.

ಆದರೆ "ಮನೇಲಿ ಚೆನ್ನಾಗೇ ಇರ್ತಾನೆ, ನಿಮ್ಮ ಕ್ಲಾಸಲ್ಲೇ ಏನೋ ಆಗ್ತಿದೆ" ಎಂದು ಒಬ್ಬ ತಾಯಿ ಸಿಟ್ಟಿನಿಂದ ಎದುರು ಕೂತರೆ? ಬಹಳ ಕಡೆ ಇದಕ್ಕೆ ಅಭ್ಯಾಸವೇ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ನೀವೇ ನೋಡಿಕೊಳ್ಳಿ, ಅಷ್ಟೇ.

[ತೆರೆಯಲ್ಲಿ: ವೈದ್ಯ ಮತ್ತು ರೋಗಿಯ ರೇಖಾಚಿತ್ರ. "1963"]

ವೈದ್ಯರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. 1963ರಲ್ಲಿ ಅಮೆರಿಕದ ನರರೋಗ ತಜ್ಞ ಹೊವರ್ಡ್ ಬ್ಯಾರೋಸ್, ಆರೋಗ್ಯವಾಗಿದ್ದವರಿಗೇ ರೋಗಿಯ ಪಾತ್ರ ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದರು. ಮುಂದೆ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಬೆಂಜಮಿನ್ ಡಾಟ್ಗರ್ ಅದನ್ನೇ ಶಿಕ್ಷಕರ ತರಬೇತಿಗೆ ತಂದರು. ಇಲ್ಲಿ ನಟರು ಪಾಲಕರಾಗುತ್ತಾರೆ. ಯಾವ ಮಾತು ಯಾವಾಗ ಆಡಬೇಕು ಅನ್ನುವುದು ಅವರಿಗೆ ಮೊದಲೇ ಗೊತ್ತು, ಎದುರು ಕೂತವರಿಗೆ ಗೊತ್ತಿಲ್ಲ. ಎಲ್ಲವೂ ವಿಡಿಯೋ ಆಗುತ್ತದೆ. ಆಮೇಲೆ ಎಲ್ಲರೂ ಕೂತು ಚರ್ಚೆ.

ನನ್ನ ಪ್ರಕಾರ ನಿಜವಾದ ಕಲಿಕೆ ಇರುವುದು ಆ ವಿಡಿಯೋದಲ್ಲೇ. ಜಾಸ್ತಿ ಮಾತಾಡಿದ್ದು ಯಾರು? ತಾಯಿ ದೂರು ಹೇಳಿದ ಕೂಡಲೇ "ಇಲ್ಲ, ನಾನು ಎಲ್ಲರನ್ನೂ ಒಂದೇ ಥರ ನೋಡ್ತೀನಿ" ಎಂದು ಸಮರ್ಥನೆಗೆ ಇಳಿದೆನಾ? ಅಥವಾ "ಮನೆಯಲ್ಲಿ ಹೇಗಿರ್ತಾನೆ, ಸ್ವಲ್ಪ ಹೇಳಿ" ಎಂದು ಕೇಳಿದೆನಾ? ಎರಡನೆಯದು ಸುಲಭ ಅನಿಸುತ್ತದೆ, ಅಲ್ವಾ? ಎದುರಿನವರ ದನಿ ಏರಿದಾಗ ಅದು ನೆನಪಿಗೇ ಬರುವುದಿಲ್ಲ. ಇನ್ನು ಆ ಕ್ಷಣದಿಂದ ತಪ್ಪಿಸಿಕೊಳ್ಳಲು "ಎಲ್ಲ ಸರಿ ಮಾಡ್ತೀನಿ ಬಿಡಿ" ಎಂದು ಮಾತು ಕೊಟ್ಟುಬಿಡುವುದೂ ಉಂಟು. ಆ ಮಾತು ಮುಂದಿನ ಸಭೆಯಲ್ಲಿ ತಿರುಗಿ ಬರುತ್ತದೆ!

[ತೆರೆಯಲ್ಲಿ: ಅಮೆರಿಕದ ನಕ್ಷೆ, ಅರಿಜೋನಾ]

ಮಾತುಗಾರಿಕೆ ಒಂದೇ ಸಾಲದು. ಅರಿಜೋನಾದ ಟ್ಯೂಸಾನ್‌ನಲ್ಲಿ ಸಂಶೋಧಕ ಲೂಯಿಸ್ ಮೋಲ್ ಮತ್ತು ಸಂಗಡಿಗರು ಟೀಚರ್‌ಗಳನ್ನು ಮೆಕ್ಸಿಕನ್ ಮೂಲದ ದುಡಿಯುವ ಕುಟುಂಬಗಳ ಮನೆಗೆ ಕರೆದೊಯ್ದರು. ಮಗುವಿನ ಮೇಲೆ ದೂರು ಹೇಳುವುದಕ್ಕಲ್ಲ, ಆ ಮನೆಯವರಿಗೆ ಏನೇನು ಗೊತ್ತು ಎಂದು ಕಲಿಯುವುದಕ್ಕೆ. ಬೇಸಾಯ, ರಿಪೇರಿ, ವ್ಯಾಪಾರ, ಮನೆಮದ್ದು ಎಲ್ಲ ಸಿಕ್ಕಿತು. ಒಬ್ಬ ಹುಡುಗ ಮೆಕ್ಸಿಕೋದ ಮಿಠಾಯಿ ಮಾರುತ್ತಿದ್ದ. ಅದೇ ತರಗತಿಯ ಪಾಠವಾಯಿತು, ಒಬ್ಬ ತಾಯಿಯೇ ಬಂದು ಮಿಠಾಯಿ ಮಾಡುವುದನ್ನು ಕಲಿಸಿದರು. 1992ರಲ್ಲಿ ಪ್ರಕಟವಾದ ಈ ಕೆಲಸದ ಮಾತು ಇಂದಿಗೂ ಬರುತ್ತದೆ.

ಜಾಯ್ಸ್ ಎಪ್‌ಸ್ಟೀನ್ ಎಂಬ ಸಂಶೋಧಕಿ ಶಾಲೆ ಮತ್ತು ಮನೆ ಸೇರಿ ಕೆಲಸ ಮಾಡುವ 6 ಬಗೆಗಳನ್ನು ಪಟ್ಟಿ ಮಾಡಿದ್ದಾರೆ. ನಿರ್ಧಾರಗಳಲ್ಲಿ ಪಾಲಕರಿಗೆ ಪಾಲು ಕೊಡುವುದೂ ಅದರಲ್ಲಿ ಒಂದು. ಶಾಲೆಗಳು ಸಭೆ, ಸುತ್ತೋಲೆ ನೆನಪಿಟ್ಟುಕೊಂಡು ಇದನ್ನು ಮಾತ್ರ ಮರೆಯುತ್ತವೆ.

[ತೆರೆಯಲ್ಲಿ: ಮತ್ತೆ ನಿರೂಪಕರು]

ನಟರನ್ನು ಕರೆಸಲು ದುಡ್ಡಿಲ್ಲವೇ? ಸಹಪಾಠಿಗಳೇ ಪಾಲಕರಾಗಬಹುದು. ಆದರೆ ಅವರು ಗೆಳೆಯರ ಮೇಲೆ ನಿಜವಾಗಿ ಸಿಟ್ಟಾಗುವುದಿಲ್ಲ, ಬೇಗ ಒಪ್ಪಿಬಿಡುತ್ತಾರೆ. ಶಾಲೆಗೆ ಹೋಗುವ ಮಕ್ಕಳಿರುವ ಯಾರನ್ನಾದರೂ ಕೇಳಿ ನೋಡಿ, ಖುಷಿಯಿಂದ ಬರುತ್ತಾರೆ. ಟೀಚರ್‌ಗಳನ್ನು ಕೇಳಬೇಕಾದ ಪ್ರಶ್ನೆಗಳು ಅವರ ಹತ್ತಿರ ಬೇಕಾದಷ್ಟು ಬಾಕಿ ಇರುತ್ತವೆ.