ಘಟ್ಟ ಅಂದ್ರೆ ಬೆಟ್ಟ ಅಲ್ಲ

ಎಲ್ಲರಿಗೂ ನಮಸ್ಕಾರ.

ಪಶ್ಚಿಮ ಘಟ್ಟ ಅಂದ ಕೂಡಲೇ ಹಸಿರು ಬೆಟ್ಟಗಳ ಸಾಲು ಕಣ್ಣಿಗೆ ಬರುತ್ತದೆ, ಅಲ್ವಾ? ಆದರೆ ಶಿವಮೊಗ್ಗದಿಂದ ಕುಂದಾಪುರಕ್ಕೆ ಬಂದ ಲಾರಿ ಡ್ರೈವರನ್ನು "ಯಾವ ಘಾಟಿಯಲ್ಲಿ ಇಳಿದ್ರಿ?" ಅಂತ ಕೇಳಿ ನೋಡಿ. "ಬಾಳೆಬರೆ" ಅನ್ನುತ್ತಾರೆ. ಅದು ಬೆಟ್ಟದ ಲೆಕ್ಕವಲ್ಲ, ದಾರಿಯ ಲೆಕ್ಕ. ಆಗುಂಬೆ, ಚಾರ್ಮಾಡಿ, ಶಿರಾಡಿ, ದೇವಿಮನೆ, ಅರಬೈಲು ಎಲ್ಲವೂ ಹಾಗೆಯೇ. ಘಟ್ಟ ಅಂದರೆ ಇಳಿಯುವ ಜಾಗ.

ಸಂಸ್ಕೃತದ 'ಘಟ್ಟ'ಕ್ಕೆ ನೀರಿಗೆ ಇಳಿಯುವ ಜಾಗ, ದೋಣಿ ನಿಲ್ಲುವ ಜಾಗ ಎಂಬ ಅರ್ಥವಿದೆ. ಕಾಶಿಯ ಮಣಿಕರ್ಣಿಕಾ ಘಾಟ್‌ನಲ್ಲಿರುವುದು ಇದೇ ಮಾತು. ಅಷ್ಟು ದೂರ ಹೋಗುವುದೂ ಬೇಡ. ಕೊಟ್ಟಿಗೆಹಾರದಿಂದ ಧರ್ಮಸ್ಥಳಕ್ಕೆ ಹೊರಟವರು ಮೊದಲು ಚಾರ್ಮಾಡಿ ಘಟ್ಟ ಇಳಿಯುತ್ತಾರೆ. ಆಮೇಲೆ ನೇತ್ರಾವತಿಯ ಸ್ನಾನಘಟ್ಟ ಇಳಿಯುತ್ತಾರೆ. ಒಂದೇ ದಿನ ಎರಡು ಘಟ್ಟ!

ಇದೇ ಪದಕ್ಕೆ ಸುಂಕದ ನಂಟೂ ಇದೆ. ಹೊಳೆ ದಾಟುವ ಕಡೆ, ಕಣಿವೆ ಇಳಿಯುವ ಕಡೆ ಬೇರೆ ದಾರಿ ಇರುವುದಿಲ್ಲ. ಸುಂಕ ಎತ್ತುವವನಿಗೆ ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಸಂಸ್ಕೃತದಲ್ಲಿ 'ಘಟ್ಟಕುಟೀ ಪ್ರಭಾತ ನ್ಯಾಯ' ಅಂತ ಒಂದು ಮಾತಿದೆ. ಘಟ್ಟಕುಟಿ ಅಂದರೆ ಸುಂಕದ ಗುಡಿಸಲು. ಸುಂಕ ತಪ್ಪಿಸಲು ಹೋದವನೊಬ್ಬ ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಗಾಡಿ ಹೊಡೆದ. ಬೆಳಗಾದಾಗ ನೋಡಿದರೆ ಗಾಡಿ ಸುಂಕದ ಗುಡಿಸಲ ಎದುರಿಗೇ ನಿಂತಿತ್ತು. ಇನ್ನು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಪ್ರಯೋಜನ?

ಹಾಗಾದರೆ ದಾರಿಯ ಹೆಸರು ಇಡೀ ಬೆಟ್ಟಸಾಲಿಗೆ ಅಂಟಿದ್ದು ಹೇಗೆ? ಕಡಲ ಕಡೆಯಿಂದ ಬಂದ ಯುರೋಪಿನವರಿಗೆ ಒಳನಾಡಿಗೆ ಹೋಗಲು ಘಟ್ಟ ಹತ್ತದೆ ಗತಿಯಿರಲಿಲ್ಲ. ಅವರು ದಾರಿಯ ಹೆಸರನ್ನೇ ಬೆಟ್ಟದ ಹೆಸರು ಅಂದುಕೊಂಡರು. ಅವರ ನಕಾಶೆಗಳಲ್ಲಿ ಹಾಗೇ ಕೂತಿತು, ನಮ್ಮ ಪಠ್ಯಪುಸ್ತಕಕ್ಕೂ ಬಂತು. ಬೆಟ್ಟಸಾಲಿಗೆ ಸಹ್ಯಾದ್ರಿ ಎಂಬ ಹಳೆಯ ಹೆಸರು ಇದ್ದೇ ಇತ್ತು. 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ಮಾತ್ರ 'ಪಶ್ಚಿಮ ಘಟ್ಟ'.

ತಪ್ಪು ಪೂರ್ತಿ ಅವರದೇ ಅಂತಲೂ ನಾನು ಹೇಳುವುದಿಲ್ಲ. ಕರಾವಳಿಯವರು ಮಲೆನಾಡು, ಬಯಲುಸೀಮೆ ಎರಡನ್ನೂ ಸೇರಿಸಿ 'ಘಟ್ಟದ ಮೇಲೆ' ಅಂದುಬಿಡುತ್ತಾರೆ. ಹೈದರಾಲಿಯ ಕಾಲದ ಆಡಳಿತದಲ್ಲೂ ಇಂಥದೇ ಲೆಕ್ಕ ಕಾಣುತ್ತದೆ. ಪೂರ್ವ ಘಟ್ಟದ ಮೇಲಿನ ಸೀಮೆ ಬಾಲಾಘಾಟ್, ಕೆಳಗಿನ ಆರ್ಕಾಟಿನ ಸೀಮೆ ಪಾಯೀನ್‌ಘಾಟ್. ಪಾರ್ಸಿಯಲ್ಲಿ ಬಾಲಾ ಅಂದರೆ ಮೇಲೆ, ಪಾಯೀನ್ ಅಂದರೆ ಕೆಳಗೆ.

ಇನ್ನೊಂದು ತಮಾಷೆ ಹೇಳಿ ಮುಗಿಸುತ್ತೇನೆ. ಕೇರಳದ ಪಾಲಕ್ಕಾಡ್ ಹೆಸರಿನ ಕೊನೆಯಲ್ಲಿರುವುದು 'ಕಾಡು'. ಇಂಗ್ಲಿಷರು ಅದನ್ನು 'ಪಾಲ್‌ಘಾಟ್' ಮಾಡಿದರು. ಸಹ್ಯಾದ್ರಿ ಸಾಲು ಬಾಯಿಬಿಟ್ಟಿರುವುದೇ ಅಲ್ಲಿ. ಕೊಯಮತ್ತೂರಿನಿಂದ ರೈಲು ಸುಮ್ನೆ ನೆಟ್ಟಗೆ ಹೋಗಿಬಿಡುತ್ತದೆ, ಇಳಿಯೋಕೆ ಘಟ್ಟವೇ ಇಲ್ಲ.