ಹಲಗೆ, ಹಗ್ಗ, ಮರಳಿನ ಕ್ಯಾನು: ಬಳ್ಳಾರಿ ಬಯಲಲ್ಲಿ ಎಸ್‌ಎಸ್‌ಬಿ ತಾಲೀಮು

ಹಿಂದೆ ಕಾಣ್ತಿರೋದು ಬಳ್ಳಾರಿ ಕೋಟೆ ಗುಡ್ಡ. ಹೊತ್ತು ಆರೂವರೆ. ಎಂಟರೊಳಗೆ ಮುಗಿಸ್ಬೇಕು, ಆಮೇಲೆ ಇಲ್ಲಿನ ಬಿಸಿಲಲ್ಲಿ ಬಯಲಲ್ಲಿ ನಿಲ್ಲೋಕಾಗಲ್ಲ.

ಸೇನಾಧಿಕಾರಿಗಳನ್ನು ತಯಾರು ಮಾಡೋ ಅಕಾಡೆಮಿಗಳು, ಖಡಕ್‌ವಾಸ್ಲಾದ ಎನ್‌ಡಿಎ ಇರಲಿ, ಡೆಹ್ರಾಡೂನಿನ ಐಎಂಎ ಇರಲಿ, ಒಳಗೆ ಕಾಲಿಡೋಕೆ ಮುಂಚೆ ಎಸ್‌ಎಸ್‌ಬಿ, ಅಂದ್ರೆ ಅಧಿಕಾರಿಗಳನ್ನು ಆರಿಸೋ ಮಂಡಳಿಯ ಪರೀಕ್ಷೆ ದಾಟಬೇಕು. ಅದರಲ್ಲಿ ಪರೀಕ್ಷೆ ಹತ್ತಾರು. ಇವತ್ತು ಗ್ರೂಪ್ ಟಾಸ್ಕ್ ಮಾತ್ರ: ಇಡೀ ಗುಂಪು ನೆಲ ಮುಟ್ಟದೆ, ಒಂದು ಹೊರೆಯನ್ನೂ ಹೊತ್ತು ಈಚೆಯಿಂದ ಆಚೆ ದಾಟೋದು.

ಸಾಮಾನು ನೋಡಿ. 10 ಅಡಿಯ ಸೆಂಟ್ರಿಂಗ್ ಹಲಗೆ, ಎಲ್ಲೂ ಸೀಳಿರಬಾರದು. 8 ಅಡಿಯ ನೀಲಗಿರಿ ಗಳ. 15 ಅಡಿ ಹಗ್ಗ. ಅರ್ಧ ಮರಳು ತುಂಬಿದ 20 ಲೀಟರ್ ಕ್ಯಾನು, ಅದೇ ‘ಲೋಡು’. ಸಿಮೆಂಟ್ ಬ್ಲಾಕ್ ಜೋಡಿಸಿ ಒಂದಡಿ ಎತ್ತರದ ಎರಡು ಕಟ್ಟೆ, ನಡುವೆ 9 ಅಡಿ ಅಂತರ. ಆ ಜಾಗಕ್ಕೆ ಸುತ್ತ ಸುಣ್ಣದ ಗೆರೆ. ಗೆರೆ ಒಳಗಿನ ನೆಲ ‘ಕೆಂಪು’: ಕಾಲೂ ತಾಗಬಾರದು, ಸಾಮಾನೂ ತಾಗಬಾರದು. ಗೆರೆ ಹಾಕೋಕೆ ಮುಂಚೆ ಜಾಲಿ ಮುಳ್ಳು ಆರಿಸಿಬಿಡಿ. ಊರಿನ ಹೆಸರು ಹೊತ್ತ ಗಿಡ, ಶೂ ತಳ ತೂರಿ ಬರುತ್ತೆ.

ನಿಯಮ ಇನ್ನೆರಡು. 4 ಅಡಿ ಮೀರಿದ ಅಂತರ ಹಾರೋ ಹಾಗಿಲ್ಲ, ಸೇತುವೆ ಹಾಕಲೇಬೇಕು. ಹಲಗೆಗೆ ಗಳ ಕಟ್ಟಿ ಉದ್ದ ಮಾಡ್ಕೊಳ್ಳೋ ಹಾಗೂ ಇಲ್ಲ.

ಈಗ ಹಲಗೆ ತಳ್ಳೋದು ನೋಡಿ. ತುದಿ ಆಚೆ ಕಟ್ಟೆ ಮುಟ್ಟೋ ಹೊತ್ತಿಗೆ ಈಚೆ ಉಳಿಯೋದು ಒಂದೇ ಅಡಿ. ಹಲಗೆ 16 ಕೆಜಿ ಇದ್ರೆ ಆ ಭಾರವೆಲ್ಲ ಹಲಗೆಯ ನಡುಮಧ್ಯದಲ್ಲಿ, ಅಂದ್ರೆ ಕಟ್ಟೆ ಅಂಚಿನಿಂದ 4 ಅಡಿ ಆಚೆ ತೂಗ್ತಿರುತ್ತೆ. 16 ನಾಲ್ಕಲೆ 64. ಹಲಗೆಯ ಕಟ್ಟಕಡೆಯಲ್ಲಿ ಒತ್ತಿದ್ರೆ 64 ಕೆಜಿ ಸಾಕು, ಅರ್ಧ ಅಡಿ ಮುಂದೆ ನಿಂತ್ರೆ 128 ಬೇಕು. ಅದಕ್ಕೇ ಇಲ್ಲಿ ಇಬ್ಬರು ಒತ್ತಿದ್ರೂ ತುದಿ ದಬಕ್ಕಂತ ಬಿತ್ತು. ಇಬ್ಬರೂ ಮುಂದೆ ಬಗ್ಗಿ ನೋಡ್ತಿದ್ರು! ಹಿಂದೆ ಸರಿದು, ಹಿಮ್ಮಡಿ ಮೇಲೆ ಭಾರ ಹಾಕಿ.

ದಾಟಿದ ಮೇಲೆ ಎರಡನೇ ತಪ್ಪು. ಎಲ್ಲರೂ ಆಚೆ ಓಡಿ, ಲೋಡು ಈಚೆಗೇ ಉಳಿಯುತ್ತೆ. ಕೊನೆಯವನು ಯಾರು, ಲೋಡು ಯಾರ ಕೈಲಿ ಅನ್ನೋದು ಮೊದಲನೆಯವನು ಹೆಜ್ಜೆ ಇಡೋ ಮುಂಚೆ ತೀರ್ಮಾನ ಆಗಿರಬೇಕು. ಹಲಗೆ ಎಳ್ಕೊಳ್ಳುವಾಗ ಆಚೆ ಕಡೆಯೂ ಅದೇ 64ರ ಲೆಕ್ಕ. 1932ರ ಡಿಸೆಂಬರ್ 10ರಂದು ಐಎಂಎ ಉದ್ಘಾಟನೆಯಲ್ಲಿ ಆಗಿನ ಸೇನಾ ಮುಖ್ಯಸ್ಥ ಚೆಟ್‌ವುಡ್ ಹೇಳಿದ ಸಾಲು ಹುಡುಗರಿಗೆ ಬಾಯಿಪಾಠ: ಮೊದಲು ದೇಶ, ಆಮೇಲೆ ನಿನ್ನ ಕೈಕೆಳಗಿನವರು, ಕಡೆಗೆ ನೀನು. ಹಲಗೆ ಹತ್ರ ಬಂದಾಗ ಮಾತ್ರ ಬಾಯಿಪಾಠ ಹೇಳಿದವನೇ ಮೊದಲು ದಾಟಿರ್ತಾನೆ.

ಇಲ್ಲಿ ವಿಡಿಯೋ ನಿಧಾನ ಮಾಡಿದೀವಿ. ನೀಲಿ ಟೀಶರ್ಟಿನವನ ಹಿಮ್ಮಡಿ ಸುಣ್ಣದ ಒಳಗೆ ತಾಗ್ತು. ಪಕ್ಕದವನು ಏನಂದ ಕೇಳಿ: “ಯಾರ್ ನೋಡ್ಯಾರ್ ಬಿಡಲೇ, ನಡಿ.” ನಿಯಮ ಮುರಿದ್ರೆ ತಾನೇ ಹೇಳಿ, ಹಿಂದೆ ಹೋಗಿ ಮತ್ತೆ ದಾಟಬೇಕು. ಅರ್ಧ ನಿಮಿಷ ಹೋಗುತ್ತೆ, ಅಷ್ಟೇ. ಗುಂಪಿಗಾಗಿ ಮುಚ್ಚಿಡೋದು ದೋಸ್ತಿ ಅಂತ ಕಾಣುತ್ತೆ, ಅಪಾಯ ಇರೋದು ಅಲ್ಲೇ. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ನಿಯಮದಲ್ಲಿ ಸುಳ್ಳು, ಮೋಸ, ಕಳ್ಳತನ ಕೂಡದು ಅನ್ನೋದರ ಜೊತೆ ನಾಲ್ಕನೆಯದೂ ಇದೆ: ಹಾಗೆ ಮಾಡಿದವರನ್ನು ಸಹಿಸಿಕೊಳ್ಳಬಾರದು. 1976ರಲ್ಲಿ ಅಲ್ಲಿ ಮನೆಗೆ ಕೊಟ್ಟ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪರೀಕ್ಷೆಯನ್ನು ಒಬ್ಬರಿಗೊಬ್ಬರು ಸೇರಿ ಬರೆದು, 150ಕ್ಕೂ ಹೆಚ್ಚು ಕೆಡೆಟ್‌ಗಳು ಹೊರಬಿದ್ದರು. ಆಮೇಲೆ ಅವರಲ್ಲಿ ಹಲವರಿಗೆ ಮರಳಿ ಅವಕಾಶ ಸಿಕ್ಕಿತು.

ಅದಕ್ಕೇ ತಾಲೀಮಿನಲ್ಲಿ ನಾವು ಪಂಚಾಯ್ತಿಗೆ ಹೊರಗಿನವರನ್ನು ನಿಲ್ಲಿಸಲ್ಲ. ಕಾಲು ತಾಗಿದವನೇ ಕೈ ಎತ್ತಬೇಕು. ಅವನು ಎತ್ತದಿದ್ರೆ ಪಕ್ಕದವನು ಕೇಳಬೇಕು, ಮೆಲ್ಲಗೆ, ಹೆಸರು ಹಿಡಿದು. ನೋಡಿ, ನೀಲಿ ಟೀಶರ್ಟು ಹಿಂದೆ ಹೋದ. ಪಕ್ಕದವನು ಗೊಣಗ್ತಾನೇ ಹಲಗೆ ಮೇಲೆ ಮತ್ತೆ ಒತ್ತಿ ನಿಂತ.

ಸರಿ, ಹಗ್ಗ ಸುತ್ತಿ. ಹಲಗೆ ಎರವಲು ತಂದದ್ದು, ಒಂಬತ್ತಕ್ಕೆ ಮೇಸ್ತ್ರಿ ಕೆಲಸ ಶುರು ಮಾಡ್ತಾರೆ.