ಎಸಿಪಿ ಕೊಟ್ಟ ಏಟಿಗೆ ಕೋರ್ಟಲ್ಲಿ ಬೆಲೆ ಇದೆಯಾ? ‘ಸಿಐಡಿ’ ಸಪ್ಪೆಯಾದ ಕಥೆ

[ಸ್ಕ್ರೀನ್ ಮೇಲೆ: ಮುಚ್ಚಿದ ಬಾಗಿಲು. ಧಡಾರ್. ಬಾಗಿಲು ನೆಲಕ್ಕೆ.]

ನಮಸ್ಕಾರ. ಇವತ್ತಿನದು ನಿಮ್ಮಲ್ಲಿ ತುಂಬಾ ಜನ ಕೇಳಿದ ಪ್ರಶ್ನೆ. “ಚಿಕ್ಕವರಿದ್ದಾಗ ಸಿಐಡಿ ಅಂದ್ರೆ ಪ್ರಾಣ. ಕೊನೆಕೊನೆಗೆ ಹತ್ತು ನಿಮಿಷ ನೋಡೋಕೂ ಆಗ್ತಿರ್ಲಿಲ್ಲ. ನಾವು ಬದಲಾದ್ವಾ, ಸೀರಿಯಲ್ಲೇ ಕೆಟ್ಟೋಯ್ತಾ?”

ಸೀರಿಯಲ್ಲೇ ಕೆಟ್ಟಿತು. ಕೆಡಿಸಿದ್ದು ಕಪಾಳಮೋಕ್ಷ. ಹೇಗೆ ಅಂತ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಬೇಗ ಬೇಗ ಪರಿಚಯ. 1998ರ ಜನವರಿ 21ರಂದು ಸೋನಿ ಟಿವಿಯಲ್ಲಿ ಶುರುವಾದ ಹಿಂದಿ ಧಾರಾವಾಹಿ. ಕಟ್ಟಿದವರು ಬಿ.ಪಿ. ಸಿಂಗ್, ಮೊದಲು ದೂರದರ್ಶನದಲ್ಲಿ ಕ್ಯಾಮೆರಾ ಹಿಡಿದಿದ್ದವರು. ಎಸಿಪಿ ಪ್ರದ್ಯುಮನ್ ಪಾತ್ರಕ್ಕೆ ಶಿವಾಜಿ ಸಾಟಮ್, ಅಭಿಜೀತ್ ಪಾತ್ರಕ್ಕೆ ಆದಿತ್ಯ ಶ್ರೀವಾಸ್ತವ, ದಯಾ ಪಾತ್ರಕ್ಕೆ ನಮ್ಮ ಕರಾವಳಿ ಮೂಲದ ದಯಾನಂದ ಶೆಟ್ಟಿ. ಲ್ಯಾಬಿನಲ್ಲಿ ಡಾಕ್ಟರ್ ಸಾಳುಂಖೆ. 2018ರ ಅಕ್ಟೋಬರ್ 27ಕ್ಕೆ ನಿಂತಾಗ ಆಗಿದ್ದು 1,547 ಕಂತು. ಪರಿಚಯ ಮುಗಿಯಿತು.

ಬಾಗಿಲಿನ ಜೋಕನ್ನು ಎಲ್ಲರೂ ಮಾಡಿಯಾಗಿದೆ. ದಯಾ ಬಾಗಿಲು ಒಡೆಯುವುದಕ್ಕೆ ನನ್ನದೇನೂ ತಕರಾರಿಲ್ಲ. ಒಡೆದ ಮೇಲೆ ಒಳಗೇನಿದೆ ಅನ್ನುವ ಕುತೂಹಲವಾದರೂ ಉಳಿಯುತ್ತದೆ. (ಒಳಗಿಂದ ಚಿಲಕ ಹಾಕಿದೆಯಾ ಅಂತ ಒಂದು ಸಲ ತಳ್ಳಿ ನೋಡಬಹುದಿತ್ತು, ಆ ಮಾತು ಬಿಡಿ.)

ಈಗ ಕೊನೆಯ ಐದು ನಿಮಿಷ ನೆನಪಿಸಿಕೊಳ್ಳಿ. ಶಂಕಿತರೆಲ್ಲ ಹಾಲ್‌ನಲ್ಲಿ ಸಾಲಾಗಿ ನಿಂತಿದ್ದಾರೆ. ಎಸಿಪಿ ಗಾಳಿಯಲ್ಲಿ ಬೆರಳು ತಿರುವುತ್ತಾ ಒಬ್ಬೊಬ್ಬರನ್ನೇ ದಾಟಿಕೊಂಡು ಬರುತ್ತಾರೆ. ಒಬ್ಬನ ಮುಂದೆ ನಿಲ್ಲುತ್ತಾರೆ. “ನಂಗೇನೂ ಗೊತ್ತಿಲ್ಲ ಸಾರ್.” ಫಟಾರ್! ಅವನು ಕೆನ್ನೆ ಹಿಡಿದುಕೊಂಡು, ತಲೆ ಎತ್ತಿ, “ಹೌದು, ನಾನೇ ಕೊಂದೆ” ಅಂತ ಶುರು ಮಾಡುತ್ತಾನೆ. ಅಲ್ಲಿಂದ ಫ್ಲ್ಯಾಶ್‌ಬ್ಯಾಕ್. ಆಸ್ತಿ, ಅನೈತಿಕ ಸಂಬಂಧ, ಇಲ್ಲವೇ ಹಳೇ ಸೇಡು. ಎಲ್ಲ ಮುಗಿದ ಮೇಲೆ ನಿನಗೆ ಗಲ್ಲೇ ಗತಿ ಅಂತ ಎಸಿಪಿಯ ತೀರ್ಪು. ಜಡ್ಜ್ ಸಾಹೇಬರು ರಜೆಯಲ್ಲಿದ್ದಾರೆ ಅಂತ ಕಾಣುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ವಿಡಿಯೋ ಮಾಡಬೇಕು ಅಂತ ಅನ್ನಿಸಿದ್ದೇ ಮುಂದಿನ ವಿಷಯಕ್ಕೆ.

[ಸ್ಕ್ರೀನ್ ಮೇಲೆ: ಕಲಂ 25, ಭಾರತೀಯ ಸಾಕ್ಷ್ಯ ಅಧಿನಿಯಮ, 1872]

ನಮ್ಮ ಕಾನೂನಿನ ಪ್ರಕಾರ ಪೊಲೀಸ್ ಅಧಿಕಾರಿ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವ ಹಾಗಿಲ್ಲ. ಏಟು ಕೊಟ್ಟು ಹೇಳಿಸಿದ್ದು ಮಾತ್ರ ಅಲ್ಲ, ಟೀ ಕುಡಿಸಿ ಪ್ರೀತಿಯಿಂದ ಹೇಳಿಸಿದ್ದೂ ನಡೆಯುವುದಿಲ್ಲ. ಒಪ್ಪಿಕೊಳ್ಳಲೇಬೇಕು ಅಂದರೆ ಮ್ಯಾಜಿಸ್ಟ್ರೇಟ್ ಮುಂದೆ, ಸ್ವಇಚ್ಛೆಯಿಂದ. ಪೊಲೀಸರು ಹೊಡೆದು ಹೇಳಿಸುತ್ತಾರೆ ಅನ್ನುವ ಅನುಮಾನ ಬ್ರಿಟಿಷರ ಕಾಲದಲ್ಲೇ ಕಾನೂನಿನೊಳಗೆ ಸೇರಿಕೊಂಡಿತ್ತು.

ಅಂದರೆ ಇಪ್ಪತ್ತು ವರ್ಷ ಆ ಹಾಲ್‌ನಲ್ಲಿ ನಡೆದ ಕ್ಲೈಮ್ಯಾಕ್ಸುಗಳು ಕೋರ್ಟಿನಲ್ಲಿ ನಿಲ್ಲುವುದೇ ಇಲ್ಲ! ನಿನ್ನೆ ಮೊನ್ನೆ ಕಪ್ಪು ಕೋಟು ಹಾಕಿದ ವಕೀಲನೂ ಅವನ್ನು ಕಿತ್ತು ಬಿಸಾಕುತ್ತಾನೆ.

ಇನ್ನೂ ಮಜಾ ಇದೆ. ಕಲಂ 27 ಅಂತ ಒಂದು ಕಿಂಡಿ ಇದೆ. ಕಸ್ಟಡಿಯಲ್ಲಿರುವ ಆರೋಪಿ “ಚಾಕುವನ್ನು ಮನೆ ಹೆಂಚಿನ ಸಂದಿಯಲ್ಲಿ ಇಟ್ಟಿದ್ದೇನೆ, ಅದರಲ್ಲೇ ಕೊಂದೆ” ಅಂದ ಅಂತ ಇಟ್ಟುಕೊಳ್ಳಿ. ಪೊಲೀಸರು ಪಂಚರನ್ನು ಕರೆದುಕೊಂಡು ಹೋಗುತ್ತಾರೆ, ಏಣಿ ಹಾಕುತ್ತಾರೆ, ಚಾಕು ಸಿಗುತ್ತದೆ, ಮಹಜರು ಬರೆಯುತ್ತಾರೆ. ಆಗ “ಹೆಂಚಿನ ಸಂದಿಯಲ್ಲಿ ಇಟ್ಟಿದ್ದೇನೆ” ಅನ್ನುವಷ್ಟು ಮಾತ್ರ ಕೋರ್ಟಿನ ಒಳಗೆ ಬರುತ್ತದೆ. “ಅದರಲ್ಲೇ ಕೊಂದೆ” ಹೊರಗೇ ಉಳಿಯುತ್ತದೆ. ಒಂದೇ ಉಸಿರಿನಲ್ಲಿ ಹೇಳಿದ ಮಾತು, ಮಧ್ಯದಲ್ಲಿ ಕತ್ತರಿ!

ಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆ ಸಾಮಾನು ಎಲ್ಲಿ ಸಿಗುತ್ತದೆ ಹೇಳಿ? ಅವನೇ ಕೊಂದಿದ್ದು ಅಂತ ಗೊತ್ತು, ಅವನೇ ಹೇಳಿಯೂ ಆಯಿತು, ಆದರೂ ಕೈಯಲ್ಲಿ ಏನೂ ಇಲ್ಲ. ಚಾಕು ಸಿಕ್ಕರೂ ಅದರ ಮೇಲಿನ ರಕ್ತ ಯಾರದು, ಬೆರಳಚ್ಚು ಯಾರದು ಅಂತ ಬೇರೆಯಾಗಿ ಸಾಬೀತು ಮಾಡಬೇಕು. ತಪ್ಪೊಪ್ಪಿಗೆ ಆದ ಮೇಲೇ ಪತ್ತೇದಾರಿ ಕೆಲಸ ಶುರು. ಸಿಐಡಿ ಮಾತ್ರ ಸರಿಯಾಗಿ ಅಲ್ಲೇ ಹೆಸರುಗಳನ್ನು ಓಡಿಸಿ ಮುಗಿಸುತ್ತಿತ್ತು.

ಕಾನೂನು ತಪ್ಪು ತೋರಿಸಿದರು ಅನ್ನುವುದು ನನ್ನ ದೂರಲ್ಲ. ಟಿವಿಯಲ್ಲಿ ಡಿಎನ್ಎ ರಿಪೋರ್ಟ್ ಕಾಫಿಗಿಂತ ಬೇಗ ಬರುತ್ತದೆ, ನಾವೂ ಸುಮ್ನೆ ಒಪ್ಪಿಕೊಂಡು ನೋಡುತ್ತೇವೆ. ದೂರು ಏನಂದರೆ, ಏಟಿಗೇ ಕೇಸು ಬಗೆಹರಿಯುತ್ತದೆ ಅಂತಾದಾಗ ಸುಳಿವುಗಳಿಗೆ ಬೆಲೆಯೇ ಇರುವುದಿಲ್ಲ. ಅಂಗಿ ಗುಂಡಿ ಸಿಕ್ಕಿತು, ಕೂದಲು ಸಿಕ್ಕಿತು, ಸಾಳುಂಖೆ ಬಣ್ಣಬಣ್ಣದ ನೀರನ್ನು ಕಲಕಿದರು. ನಾವೂ ಮನೆಯಲ್ಲಿ ಕೂತು ತಲೆ ಓಡಿಸುತ್ತಿದ್ದೆವು. ನೀವು ಪದಬಂಧ ತುಂಬಿಸುತ್ತಿರುವಾಗ ಪಕ್ಕದಲ್ಲಿದ್ದವರು ಉತ್ತರ ಓದಿಬಿಟ್ಟರೆ ಹೇಗಿರುತ್ತದೆ, ಹಾಗಾಗುತ್ತಿತ್ತು. ಒಂದೆರಡು ಸಲ ಆದರೆ ಪರವಾಗಿಲ್ಲ. ಪ್ರತಿ ವಾರ ಆದರೆ ಪದಬಂಧ ಬಿಡಿಸುವುದನ್ನೇ ಬಿಡುತ್ತೀರಿ.

ಹಾಗಾದರೆ ಆ ತಂಡಕ್ಕೆ ಕೈಲಾಗುತ್ತಿರಲಿಲ್ಲವಾ? ಆಗುತ್ತಿತ್ತು, ಚೆನ್ನಾಗೇ ಆಗುತ್ತಿತ್ತು. 2004ರ ನವೆಂಬರ್ 7ರಂದು ‘ದಿ ಇನ್ಹೆರಿಟೆನ್ಸ್’ ಅಂತ ಒಂದು ಕಂತು ಬಂತು. 111 ನಿಮಿಷ, ಒಂದೇ ಶಾಟ್, ಎಲ್ಲೂ ಕಟ್ ಇಲ್ಲ. ಗಿನ್ನೆಸ್ ದಾಖಲೆ ಸೇರಿತು. ಆ ಕಾಲದ ಸಿನಿಮಾ ಕ್ಯಾಮೆರಾದಲ್ಲಿ 1,000 ಅಡಿ ರೀಲು 11 ನಿಮಿಷಕ್ಕೇ ಖಾಲಿ, ಆದ್ದರಿಂದ ಇದು ವಿಡಿಯೋದಲ್ಲಿ ಮಾತ್ರ ಆಗುವಂಥ ಸಾಹಸ. ನೂರನೇ ನಿಮಿಷದಲ್ಲಿ ಯಾರಾದರೂ ಡೈಲಾಗ್ ಮರೆತರೆ ಮತ್ತೆ ಮೊದಲಿಂದ. ಅಂಥ ಗುಂಡಿಗೆ ಇದ್ದ ತಂಡ ಅದು.

ಕೊಂದಿದ್ದು ಲೆಕ್ಕ. 1,547 ಕಂತನ್ನು ಇಪ್ಪತ್ತು ಚಿಲ್ಲರೆ ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 75. ಅಮೆರಿಕದ ‘ಲಾ ಆ್ಯಂಡ್ ಆರ್ಡರ್’ 1990ರಿಂದ 2010ರವರೆಗಿನ ಮೊದಲ ಓಟದಲ್ಲಿ 20 ಸೀಸನ್ ಸೇರಿ ಮಾಡಿದ್ದು 456, ಅಂದರೆ ವರ್ಷಕ್ಕೆ ಸುಮಾರು 23. ಅಲ್ಲಿ ಸಾಮಾನ್ಯವಾಗಿ ಮೊದಲರ್ಧ ಪೊಲೀಸರದು, ಉಳಿದರ್ಧ ಕೋರ್ಟಿನದು. ಪೊಲೀಸರು ಪಡೆದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಬಿದ್ದುಹೋಗುವುದೇ ಎಷ್ಟೋ ಕಥೆಗಳ ತಿರುವು. ಹಾಗೆ ಬರೆಯಲು ಸಮಯ ಬೇಕು. ನಮ್ಮವರು ಆರಂಭದಲ್ಲಿ ಒಂದು ಕೇಸನ್ನು ಎರಡು ಕಂತಿಗೆ ಹಿಗ್ಗಿಸಿ, ಸಮಾಧಾನವಾಗಿ ಬಿಡಿಸುತ್ತಿದ್ದರು. ಆಮೇಲೆ ವಾರಕ್ಕೆ ಎರಡು, ಮೂರು ಕಂತು ಅಂತಾಯಿತು. ವಾರಕ್ಕೆ ಮೂರು ಕೊಲೆ ಹೊಸದಾಗಿ ಯೋಚಿಸಿ, ಬಿಡಿಸಿ, ಶೂಟ್ ಮಾಡಿ ಕೊಡು ಅಂದರೆ ಯಾರಾದರೂ ಕೊನೆಗೆ ಕೈ ಎತ್ತುತ್ತಾರೆ. ಎಸಿಪಿ ಅಕ್ಷರಶಃ ಎತ್ತಿದರು.

ಟೈಮ್ ಆಗುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿ ಮುಗಿಸುತ್ತೇನೆ. ಹಳೇ ಬರಹಗಾರರಲ್ಲಿ ಶ್ರೀಧರ್ ರಾಘವನ್, ರಜತ್ ಅರೋರಾ ಅಂಥವರು ಸಿನಿಮಾ ಕಡೆ ಹೋದರು. ದೆವ್ವದ ಕಥೆಗಳು ಜಾಸ್ತಿಯಾದವು. 2012ರಲ್ಲಿ ‘ಅದಾಲತ್’ ಅನ್ನುವ ಕೋರ್ಟ್ ಧಾರಾವಾಹಿ ಜೊತೆ ಸೇರಿಸಿ ವಿಶೇಷ ಕಂತು ಮಾಡಿದರು, ಅದೇನೋ ಮಜವಾಗಿತ್ತು. ಮೀಮುಗಳು ಬಂದ ಮೇಲೆ ಸೀರಿಯಲ್ಲೇ ತನ್ನ ಮೀಮುಗಳಿಗೆ ನಟಿಸತೊಡಗಿತು ಅಂತ ನನ್ನ ಅನಿಸಿಕೆ.

2024ರ ಡಿಸೆಂಬರ್ 21ಕ್ಕೆ ಸಿಐಡಿ ಮತ್ತೆ ಬಂತು. ಅದೇ ವರ್ಷದ ಜುಲೈ 1ರಿಂದ ಹಳೇ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ 2023 ಜಾರಿಯಾಗಿತ್ತು. 25, 27 ಎರಡೂ ಈಗ ಕಲಂ 23ರೊಳಗೆ. ನಿಯಮ ಅದೇ, ನಂಬರ್ ಬೇರೆ. 2025ರ ಏಪ್ರಿಲ್‌ನಲ್ಲಿ ಪ್ರದ್ಯುಮನ್ ಪಾತ್ರವನ್ನೇ ಸಾಯಿಸಿ, ಪಾರ್ಥ್ ಸಮಥಾನ್ ಅವರನ್ನು ಹೊಸ ಎಸಿಪಿ ಮಾಡಿದರು. ಜನ ಗಲಾಟೆ ಮಾಡಿದರು. ಸ್ವಲ್ಪ ಸಮಯದಲ್ಲೇ ಪ್ರದ್ಯುಮನ್ ಜೀವಂತವಾಗಿ ವಾಪಸ್.

ಅವರು ಬದುಕಿ ಬಂದಿದ್ದು ನನಗೂ ಖುಷಿಯೇ. ಬಂದವರು ಒಂದೇ ಒಂದು ಕೇಸನ್ನು ಕೋರ್ಟಿಗೆ ತೆಗೆದುಕೊಂಡು ಹೋಗಲಿ. ಎದುರು ವಕೀಲರು ಕಲಂ 23 ಓದಿ ತಪ್ಪೊಪ್ಪಿಗೆಯನ್ನು ಹಾರಿಸಲಿ, ಆರೋಪಿಗೆ ಜಾಮೀನು ಸಿಗಲಿ, ಎಸಿಪಿ ವಾಪಸ್ ಹೋಗಿ ಶುರುವಿನಿಂದ ಸಾಕ್ಷಿ ಹುಡುಕಲಿ. ಆ ಕಂತನ್ನು ನಾನು ಜಾಹೀರಾತಿನ ಸಮೇತ ನೋಡುತ್ತೇನೆ.